12345654321: ದೊಡ್ಡ ಸಂಖ್ಯೆಯೊಂದನ್ನು ಕೈಯಾರೆ ಒಡೆದು ನೋಡುವ ಬಗೆ

ದೊಡ್ಡ ಸಂಖ್ಯೆಯೊಂದು ಎದುರಾದರೆ ಮಕ್ಕಳು ಮೊದಲು ಮೊಬೈಲ್ ಹುಡುಕುತ್ತಾರೆ. ಮೊಬೈಲ್ ಸಿಗದಿದ್ದರೆ ‘ಮೇಡಂ, ಹಿಂದಿನಿಂದ ಓದಿದರೂ ಅದೇ ಬರುತ್ತದೆ, ಎಷ್ಟು ಚೆಂದ ಇದೆ ನೋಡಿ’ ಎಂದು ಬೆರಗಾಗಿ ಕೂರುತ್ತಾರೆ. ಎರಡೂ ನನಗೆ ಒಗ್ಗುವುದಿಲ್ಲ. ಚೆಂದ ಇದೆ, ಒಪ್ಪಿದೆ. ಯಾಕೆ ಚೆಂದ ಇದೆ? ಅದನ್ನು ತಿಳಿಯಬೇಕಾದರೆ ಸಂಖ್ಯೆಯನ್ನು ಒಡೆಯಬೇಕು. ಒಡೆಯುವುದಕ್ಕೆ ಬೇಕಾದದ್ದು ಏಳನೆಯ ತರಗತಿಯ ಗಣಿತ, ಅರ್ಧ ಗಂಟೆಯ ತಾಳ್ಮೆ, ಬರೆಯಲು ಒಂದಿಷ್ಟು ಜಾಗ. ನಾನು ಮನೆಯಂಗಳದ ಶಹಾಬಾದ್ ಕಲ್ಲಿನ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತೇನೆ. ಕಲ್ಲಿನ ಗೆರೆಗಳೇ ಅಂಕಣಗಳಾಗುತ್ತವೆ, ಅಂಕಿ ಅಡ್ಡಾದಿಡ್ಡಿಯಾಗುವುದಿಲ್ಲ. ಚೌಕುಳಿ ಪುಸ್ತಕವಿದ್ದರೂ ಆದೀತು.

ಉದಾಹರಣೆಗೆ ನಾನು ಯಾವಾಗಲೂ ತೆಗೆದುಕೊಳ್ಳುವುದು 12345654321 ಅನ್ನು. ಇದಕ್ಕೆ ಊರಿನ ಅಭಿಮಾನವೂ ಒಂದು ಕಾರಣ. ಸೇಡಂ ತಾಲ್ಲೂಕಿನ ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು ನಾನು. ಕಲಬುರಗಿಯ ಬಸ್ಸು ಮಳಖೇಡ ದಾಟುವಾಗ ಕಾಗಿಣಾ ದಂಡೆಯಲ್ಲಿ ಹಳೆಯ ಕೋಟೆ ಕಾಣುತ್ತದೆ. ಅದೇ ರಾಷ್ಟ್ರಕೂಟರ ಮಾನ್ಯಖೇಟ. ಸುಮಾರು 814ರಿಂದ 878ರವರೆಗೆ ಆಳಿದ ಅಮೋಘವರ್ಷ ನೃಪತುಂಗನನ್ನು ಸ್ತುತಿಸಿಯೇ ಮಹಾವೀರಾಚಾರ್ಯರು ತಮ್ಮ ‘ಗಣಿತಸಾರಸಂಗ್ರಹ’ವನ್ನು ಆರಂಭಿಸುತ್ತಾರೆ. ಗ್ರಂಥ ಸಂಸ್ಕೃತದಲ್ಲಿದೆ. 1912ರಲ್ಲಿ ಮದ್ರಾಸಿನಲ್ಲಿ ರಂಗಾಚಾರ್ಯರ ಇಂಗ್ಲಿಷ್ ಅನುವಾದದೊಂದಿಗೆ ಅಚ್ಚಾಯಿತು. ಕವಿರಾಜಮಾರ್ಗ ಎಂದರೆ ಎದೆಯುಬ್ಬಿಸುವ ನಾವು ಅದೇ ದೊರೆಯ ಕಾಲದ ಈ ಗಣಿತವನ್ನು ಶಾಲೆಯಲ್ಲಿ ಒಂದು ವಾಕ್ಯದಲ್ಲಿ ಮುಗಿಸಿಬಿಡುತ್ತೇವೆ ಎಂಬ ಸಿಟ್ಟು ನನಗೆ ಹಳೆಯದು.

ಆ ಗ್ರಂಥದ ಗುಣಾಕಾರದ ಲೆಕ್ಕಗಳಲ್ಲಿ 27994681 ಮತ್ತು 441ರ ಗುಣಾಕಾರವೂ ಒಂದು. ಉತ್ತರ ನಮ್ಮ 12345654321. ಒಂದರಿಂದ ಹೊರಟು ಆರರವರೆಗೆ ಏರಿ, ಅದೇ ಕ್ರಮದಲ್ಲಿ ಇಳಿಯುವ ಸಂಖ್ಯೆ ಎಂಬುದು ಆಚಾರ್ಯರ ವರ್ಣನೆ. ಇಂಥ ಗುಣಲಬ್ಧಗಳನ್ನು ಅವರು ಕೊರಳಹಾರಕ್ಕೆ ಹೋಲಿಸುತ್ತಾರೆ. ಹಾರವನ್ನು ನೋಡಿ ಆಯಿತು, ಈಗ ದಾರ ಬಿಚ್ಚೋಣ.

ಮೊದಲು ಅಲ್ಪವಿರಾಮ

ಸಂಖ್ಯೆಯನ್ನು ಎರಡು ಸಲ ಬರೆಯಿರಿ. ಓದುವುದಕ್ಕೆ ನಮ್ಮ ಪದ್ಧತಿ: 12,34,56,54,321. ಅಂದರೆ 1,234 ಕೋಟಿ 56 ಲಕ್ಷ 54 ಸಾವಿರದ 321. (ಮಹಾವೀರಾಚಾರ್ಯರ ಪಟ್ಟಿಯಲ್ಲಿ ‘ಏಕ’ದಿಂದ ‘ಮಹಾಕ್ಷೋಭ’ದವರೆಗೆ 24 ಸ್ಥಾನಗಳಿಗೆ ಹೆಸರಿದೆ. ಅದರಲ್ಲಿ ಹನ್ನೊಂದನೆಯದು ಅರ್ಬುದ. ನಮ್ಮ ಸಂಖ್ಯೆಯ ಎಡತುದಿಯ 1 ಕೂರುವುದು ಅಲ್ಲಿ.) ಕೆಲಸ ಮಾಡುವುದಕ್ಕೆ ಮಾತ್ರ ಬಲದಿಂದ ಮೂರು ಮೂರು ಅಂಕಿಗಳ ಗುಂಪು: 12 | 345 | 654 | 321. ಈ ಗುಂಪುಗಳೇ ಮುಂದೆ ಎಲ್ಲವನ್ನೂ ಮಾಡಿಕೊಡುತ್ತವೆ.

ಸಣ್ಣ ಪರೀಕ್ಷೆಗಳನ್ನು ಬೇಗ ಮುಗಿಸಿ. ಕೊನೆಯ ಅಂಕಿ 1, ಆದ್ದರಿಂದ 2 ಮತ್ತು 5 ಲೆಕ್ಕಕ್ಕಿಲ್ಲ. ಅಂಕಿಗಳ ಮೊತ್ತ 36, ಆದ್ದರಿಂದ 9ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ. ಒಂದು ಬಿಟ್ಟು ಒಂದು ಅಂಕಿ ಕೂಡಿದರೆ ಒಂದು ಕಡೆ 1+3+5+5+3+1 = 18, ಇನ್ನೊಂದು ಕಡೆ 2+4+6+4+2 = 18. ವ್ಯತ್ಯಾಸ ಸೊನ್ನೆ, ಆದ್ದರಿಂದ 11ರಿಂದಲೂ ಭಾಗವಾಗುತ್ತದೆ. ಇಷ್ಟು ಎಲ್ಲ ಪಠ್ಯಪುಸ್ತಕದಲ್ಲೂ ಇದೆ.

7 ಮತ್ತು 13ಕ್ಕೆ ಬಂದಾಗ ಮಕ್ಕಳು ಸೋಲುತ್ತಾರೆ. 7ರ ಭಾಜ್ಯತೆಗೆ ‘ಕೊನೆಯ ಅಂಕಿಯನ್ನು ದ್ವಿಗುಣಗೊಳಿಸಿ ಕಳೆಯಿರಿ’ ಎಂಬ ನಿಯಮವಿದೆ. ಹನ್ನೊಂದು ಅಂಕಿಗೆ ಅದನ್ನು ಎಳೆಯುತ್ತಾ ಹೋದರೆ ಮಧ್ಯದಲ್ಲಿ ಎಲ್ಲೋ ತಪ್ಪುತ್ತದೆ. ಅದರ ಬದಲು 1001 ಅನ್ನು ನೆನಪಿಟ್ಟುಕೊಳ್ಳಿ. 1001 = 7 × 11 × 13. ಸಾವಿರ ಎಂದರೆ 1001ಕ್ಕೆ ಒಂದು ಕಡಿಮೆ. ಹಾಗಾಗಿ ಎಡಕ್ಕೆ ಒಂದೊಂದು ಗುಂಪು ದಾಟಿದಾಗಲೂ ಕೂಡು ಹೋಗಿ ಕಳೆ, ಕಳೆ ಹೋಗಿ ಕೂಡು ಆಗುತ್ತದೆ. ಬಲದಿಂದ ಹೊರಡಿ:

321 − 654 + 345 − 12 = 0

ಸೊನ್ನೆ! ಒಂದೇ ಏಟಿಗೆ 7, 11, 13 ಮೂರೂ ಬಲೆಗೆ ಬಿದ್ದವು. ಅದೇ ಗುಂಪುಗಳನ್ನು ಚಿಹ್ನೆ ಬದಲಿಸದೆ ಕೂಡಿದರೆ 999ರ ಪರೀಕ್ಷೆ, ಏಕೆಂದರೆ ಸಾವಿರ ಎಂಬುದು 999ಕ್ಕೆ ಒಂದು ಹೆಚ್ಚು. 12 + 345 + 654 + 321 = 1332. ಅದನ್ನು ಮತ್ತೆ ಮಡಚಿ: 1 + 332 = 333. ಇದು 9 × 37, 999 ಕೂಡ 27 × 37. ಹಾಗಾಗಿ 37 ಕೂಡ ಸಿಕ್ಕಿತು. ಇಲ್ಲಿಯವರೆಗೆ ಒಂದು ಭಾಗಾಕಾರವನ್ನೂ ಮಾಡಿಲ್ಲ ಎಂಬುದನ್ನು ಗಮನಿಸಿ.

ಬಲದಿಂದ ಎಡಕ್ಕೆ ಭಾಗಿಸುವುದು

ಈಗ 1001ರಿಂದ ನಿಜವಾಗಿ ಭಾಗಿಸಬೇಕು. ಎಡದಿಂದ ಹೊರಡುವ ದೀರ್ಘ ಭಾಗಾಕಾರ ಇಲ್ಲಿ ವ್ಯರ್ಥ ಶ್ರಮ. ಶೇಷ ಉಳಿಯುವುದಿಲ್ಲ ಎಂದು ಖಚಿತವಾಗಿ ಗೊತ್ತಿರುವಾಗ ಬಲದಿಂದಲೇ ಹೊರಡಬಹುದು. ಇದನ್ನು ನಿಧಾನವಾಗಿ ನೋಡಿ, ಏಕೆಂದರೆ ಈ ಒಂದು ಕೈಚಳಕ ಬಂದರೆ ಬೇರೆ ಎಷ್ಟೋ ಸಂಖ್ಯೆಗಳಿಗೆ ಉಪಯೋಗಕ್ಕೆ ಬರುತ್ತದೆ.

ಭಾಗಲಬ್ಧ ಯಾವುದೇ ಇರಲಿ, ಅದನ್ನು 1001ರಿಂದ ಗುಣಿಸುವುದು ಎಂದರೆ ಅದನ್ನೇ ಮೂರು ಮನೆ ಎಡಕ್ಕೆ ಸರಿಸಿ ಮತ್ತೆ ಅದನ್ನೇ ಕೂಡುವುದು. ಬಲತುದಿಯ ಗುಂಪಿಗೆ ಕೂಡಲು ಬೇರೇನೂ ಬರುವುದಿಲ್ಲವಾದ್ದರಿಂದ ಭಾಗಲಬ್ಧದ ಬಲತುದಿಯ ಗುಂಪು 321 ಆಗಲೇಬೇಕು. ಎರಡನೆಯ ಗುಂಪು 654 ಆಗಿರುವುದು ಆ 321 ಜೊತೆಗೆ ಇನ್ನೊಂದು ಗುಂಪು ಕೂಡಿ. ಆ ಇನ್ನೊಂದು 654 − 321 = 333. ಮೂರನೆಯದು 345 − 333 = 12. ನಾಲ್ಕನೆಯದು 12 − 12 = 0, ಮುಗಿಯಿತು. ಭಾಗಲಬ್ಧ 12 | 333 | 321, ಅಂದರೆ 12333321.

ಇದೂ ಹಿಂದೆ ಮುಂದೆ ಒಂದೇ. ಇದನ್ನೂ 1001ರ ಪರೀಕ್ಷೆಗೆ ಒಡ್ಡಿ: 321 − 333 + 12 = 0. ಮತ್ತೆ ಬಲದಿಂದ ಭಾಗಿಸಿ: 321, ನಂತರ 333 − 321 = 12, ನಂತರ ಸೊನ್ನೆ. ಉಳಿದದ್ದು 12321. ಅದು 111ರ ವರ್ಗ ಎಂದು ಗುರುತಿಸಲು ಯಾರ ಸಹಾಯವೂ ಬೇಡ. 111 = 3 × 37.

ಹಾಗಾಗಿ:

12345654321 = 1001² × 111² = 3² × 7² × 11² × 13² × 37²

ಮತ್ತು 1001 × 111 = 111111. ನಮ್ಮ ಸಂಖ್ಯೆ ಆರು ಒಂದುಗಳ ವರ್ಗ.

ಇಲ್ಲಿ ಮಹಾವೀರಾಚಾರ್ಯರ ಲೆಕ್ಕಕ್ಕೆ ಮರಳಿ. 441 = 21², ಅಂದರೆ 3² × 7². ಉಳಿದ 11, 13, 37 ಇವುಗಳನ್ನು ಗುಣಿಸಿದರೆ 5291, ಅದರ ವರ್ಗ 27994681. ಆರು ಒಂದುಗಳನ್ನು ಮರೆಮಾಡಿ ಎರಡು ವರ್ಗಗಳನ್ನು ಹೊರಗೆ ಇಟ್ಟಿದ್ದಾರೆ! 27994681 ಎಂಬ ಮುಖ ನೋಡಿದರೆ ಒಳಗೆ ಇಂಥದ್ದಿದೆ ಎಂದು ಯಾರಿಗೂ ಅನುಮಾನ ಬರುವುದಿಲ್ಲ. ಲೆಕ್ಕ ಕಟ್ಟುವ ಮೇಷ್ಟ್ರ ಈ ತುಂಟತನ ನನಗೆ ತುಂಬಾ ಇಷ್ಟ.

ಏರಿಳಿತ ಎಲ್ಲಿಂದ ಬಂತು ಎಂಬುದನ್ನು ಈಗ ನೋಡಬಹುದು. 111111ನ್ನು 111111ರಿಂದ ಗುಣಿಸುವಾಗ ಒಂದರ ಕೆಳಗೊಂದು ಆರು ಸಾಲು ಬರೆಯುತ್ತೀರಿ, ಪ್ರತಿ ಸಾಲೂ ಹಿಂದಿನದಕ್ಕಿಂತ ಒಂದು ಮನೆ ಎಡಕ್ಕೆ. ಪ್ರತಿ ಅಂಕಣದಲ್ಲಿ ಎಷ್ಟು ಒಂದುಗಳು ಬಿದ್ದಿವೆ ಎಣಿಸಿ: 1, 2, 3, 4, 5, 6, 5, 4, 3, 2, 1. ಯಾವ ಅಂಕಣವೂ ಹತ್ತು ಮುಟ್ಟಲಿಲ್ಲ, ಇದು ದಶಕ ರಹಿತ ಸಂಕಲನ. ಆದ್ದರಿಂದ ಎಣಿಕೆಯೇ ಉತ್ತರವಾಗಿ ನಿಂತಿತು. ಹತ್ತು ಒಂದುಗಳ ವರ್ಗ ಮಾಡಿದರೆ ನಡುವೆ ದಶಕ ನುಗ್ಗುತ್ತದೆ, 1234567900987654321 ಎಂದು ಸೊಟ್ಟಗಾಗುತ್ತದೆ. ಇದೇ ಕಾರಣಕ್ಕೆ 0ಯಿಂದ 6ರವರೆಗಿನ ಏಳೇ ಅಂಕಿಗಳನ್ನು ಬಳಸುವ ಪದ್ಧತಿಯಲ್ಲೂ 12345654321 ಎಂಬ ಬರಹ ಪೂರ್ಣ ವರ್ಗವೇ. ಅಲ್ಲಿ ಎಡಕ್ಕೆ ಒಂದೊಂದು ಮನೆ ದಾಟಿದಾಗ ಬೆಲೆ ಹತ್ತು ಪಟ್ಟಲ್ಲ, ಏಳು ಪಟ್ಟಾಗುತ್ತದೆ. ಹಾಗಾಗಿ 111111 ಎಂದರೆ ನಮ್ಮ 19608, ಅದರ ವರ್ಗ 384473664. ಬೆಲೆ ಬೇರೆ, ಬರಹ ಅದೇ.

ಭಾಜಕಗಳನ್ನು ಎಣಿಸುವುದು

ಅಪವರ್ತನ ಸಿಕ್ಕಿದ ಮೇಲೆ ಉಳಿದದ್ದೆಲ್ಲ ಅದರಿಂದಲೇ ಬರುತ್ತದೆ. ಒಂದು ಭಾಜಕ ಕಟ್ಟಬೇಕೆಂದರೆ 3ನ್ನು ತೆಗೆದುಕೊಳ್ಳದಿರಬಹುದು, ಒಂದು ಸಲ ತೆಗೆದುಕೊಳ್ಳಬಹುದು, ಎರಡು ಸಲವೂ ಆದೀತು: ಮೂರು ದಾರಿ. ಉಳಿದ ನಾಲ್ಕು ಅವಿಭಾಜ್ಯಗಳಿಗೂ ಹಾಗೆಯೇ. 3 × 3 × 3 × 3 × 3 = 243 ಭಾಜಕಗಳು. 243 ಬೆಸ ಸಂಖ್ಯೆ, ಪೂರ್ಣ ವರ್ಗಗಳಿಗೆಲ್ಲ ಹೀಗೆಯೇ. ಭಾಜಕಗಳು ಜೋಡಿಯಾಗಿ ಬರುತ್ತವೆ, ವರ್ಗಮೂಲ ಮಾತ್ರ ತನಗೆ ತಾನೇ ಜೋಡಿ. ಇಲ್ಲಿ 121 ಜೋಡಿಗಳು, ಒಂಟಿಯಾಗಿ 111111.

ಈ 243ರಲ್ಲಿ 32 ಭಾಜಕಗಳು ತಾವೂ ವರ್ಗಗಳು, ಏಕೆಂದರೆ ಪ್ರತಿ ಅವಿಭಾಜ್ಯವನ್ನೂ ಪೂರ್ತಿ ತೆಗೆದುಕೊಳ್ಳುವುದು ಅಥವಾ ಪೂರ್ತಿ ಬಿಡುವುದು ಎಂಬ ಎರಡೇ ದಾರಿ. ಅಂದರೆ ಎರಡು ವರ್ಗಗಳ ಗುಣಲಬ್ಧವಾಗಿ ಈ ಸಂಖ್ಯೆಯನ್ನು 16 ಬಗೆಯಲ್ಲಿ ಬರೆಯಬಹುದು. 1 × 12345654321 ಎಂಬುದನ್ನು ಬಿಟ್ಟರೆ 15. ಆಚಾರ್ಯರು ಒಂದನ್ನು ಬಳಸಿದರು, ಉಳಿದ 14 ನಿಮಗೆ. ನನ್ನ ಮೆಚ್ಚಿನದು 1369 × 9018009, ಅಂದರೆ 37² × 3003². ಈ ಎರಡನೆಯ ಸಂಖ್ಯೆಯೂ ಹಿಂದೆ ಮುಂದೆ ಒಂದೇ. ಇದನ್ನು ಸ್ವಲ್ಪ ಪಕ್ಕಕ್ಕಿಡಿ, ಬೇಕಾಗುತ್ತದೆ.

ಭಾಜಕಗಳ ಮೊತ್ತ

243 ಭಾಜಕಗಳನ್ನು ಒಂದೊಂದಾಗಿ ಬರೆದು ಕೂಡುವವರು ಪುಣ್ಯವಂತರು. ನಮಗೆ ಐದು ಆವರಣಗಳು ಸಾಕು:

(1+3+9) × (1+7+49) × (1+11+121) × (1+13+169) × (1+37+1369)

ಪ್ರತಿ ಆವರಣದಿಂದ ಒಂದೊಂದನ್ನು ಆಯ್ದು ಗುಣಿಸುತ್ತಾ ಹೋದರೆ ಪ್ರತಿ ಭಾಜಕವೂ ಒಂದೇ ಒಂದು ಸಲ ಬರುತ್ತದೆ, ಅಷ್ಟೇ ಇದರ ಗುಟ್ಟು. ಆವರಣಗಳ ಬೆಲೆ 13, 57, 133, 183, 1407. ಹಂತ ಹಂತವಾಗಿ ಗುಣಿಸಿ: 741, ನಂತರ 98553, ನಂತರ 18035199, ಕೊನೆಗೆ 25375524993.

ತಾಳೆ ನೋಡದೆ ಮುಂದೆ ಹೋಗಬೇಡಿ. ಎಲ್ಲರಿಗೂ ಗೊತ್ತಿರುವ ಒಂಬತ್ತರ ತಾಳೆ (9ರಿಂದ ಭಾಗಿಸಿದ ಶೇಷಗಳನ್ನು ಹೋಲಿಸುವುದು) ಇಲ್ಲಿ ದುರ್ಬಲ: 57 ಮತ್ತು 183 ಎರಡರಲ್ಲೂ 3 ಇರುವುದರಿಂದ ಉತ್ತರದ ಶೇಷ ಹೇಗೂ ಸೊನ್ನೆ. ನಡುವೆ ಒಂದು ಸಂಖ್ಯೆಯನ್ನು ತಪ್ಪಾಗಿ ಬರೆದುಕೊಂಡಿದ್ದರೂ ಅದು ಸುಮ್ಮನೆ ತಲೆಯಾಡಿಸಬಹುದು. ಹನ್ನೊಂದರ ತಾಳೆ ಹಾಕಿ. 13, 57, 133, 183, 1407 ಇವುಗಳನ್ನು 11ರಿಂದ ಭಾಗಿಸಿದಾಗ ಶೇಷ 2, 2, 1, 7, 10. ಇವುಗಳ ಗುಣಲಬ್ಧ 280, ಅದರ ಶೇಷ 5. ಉತ್ತರದ ಅಂಕಿಗಳನ್ನು ಬಲದಿಂದ ಕೂಡುತ್ತಾ ಕಳೆಯುತ್ತಾ ಹೋದರೆ −6, ಅಂದರೆ 11 ಸೇರಿಸಿ 5. ತಾಳೆಯಾಯಿತು.

ಈ ಮೊತ್ತದಿಂದ ಸಂಖ್ಯೆಯನ್ನೇ ಕಳೆಯಿರಿ. ತನ್ನನ್ನು ಬಿಟ್ಟು ಉಳಿದ 242 ಭಾಜಕಗಳ ಮೊತ್ತ 13029870672. ಇದು 12345654321ಕ್ಕಿಂತ ದೊಡ್ಡದು! ಭಾಜಕಗಳ ಮೊತ್ತ ತನ್ನನ್ನೇ ಮೀರಿಸುವ ಇಂಥ ಸಂಖ್ಯೆಗಳನ್ನು ಸಮೃದ್ಧ ಸಂಖ್ಯೆಗಳೆನ್ನುತ್ತಾರೆ. 12, 18, 20, 24 ಹೀಗೆ ಸಮ ಸಂಖ್ಯೆಗಳಲ್ಲಿ ಅವು ಹೆಜ್ಜೆಗೊಂದು ಸಿಗುತ್ತವೆ. ಬೆಸ ಸಂಖ್ಯೆಗಳಲ್ಲಿ ಅಷ್ಟು ಸುಲಭವಲ್ಲ, ಮೊದಲನೆಯದು 945. ನಮ್ಮದರಲ್ಲಿ 2 ಇಲ್ಲ, 5 ಕೂಡ ಇಲ್ಲ. ಆದರೂ ಸಮೃದ್ಧ.

ಪಕ್ಕಕ್ಕಿಟ್ಟ 9018009ನ್ನು ಈಗ ತನ್ನಿ. 37ನ್ನು ಸೇರಿಸುವ ಮೊದಲು ನಮ್ಮ ಗುಣಾಕಾರ 18035199ರಲ್ಲಿ ನಿಂತಿತ್ತಲ್ಲ, ಅದೇ 9018009ರ ಎಲ್ಲ ಭಾಜಕಗಳ ಮೊತ್ತ. ಅದರಿಂದ 9018009 ಕಳೆದರೆ 9017190. ಸಂಖ್ಯೆಗೂ ಇದಕ್ಕೂ ವ್ಯತ್ಯಾಸ ಬರೀ 819. ತೊಂಬತ್ತು ಲಕ್ಷದ ಸಂಖ್ಯೆಗೆ ಎಂಟುನೂರು ಚಿಲ್ಲರೆ ಕಡಿಮೆ! ಸರಿಯಾಗಿ ಸಮವಾಗಿದ್ದರೆ ಅದು ಬೆಸ ಪರಿಪೂರ್ಣ ಸಂಖ್ಯೆಯಾಗುತ್ತಿತ್ತು. ಅಂಥದ್ದೊಂದು ಇಂದಿನವರೆಗೆ ಯಾರಿಗೂ ಸಿಕ್ಕಿಲ್ಲ, ಇರಲಾರದು ಎಂದೂ ಯಾರೂ ಸಾಧಿಸಿಲ್ಲ. ಅಂಗಳದಲ್ಲಿ ಈ 819 ಬಂದಾಗ ಮಕ್ಕಳು ಮೊಬೈಲ್ ಮರೆಯುತ್ತಾರೆ.

ಇನ್ನೊಂದು ಗುಣವನ್ನು ಬೇಗ ಹೇಳಿಬಿಡುತ್ತೇನೆ. 12345654321ರವರೆಗಿನ ಸಂಖ್ಯೆಗಳಲ್ಲಿ ಅದರೊಂದಿಗೆ 1ನ್ನು ಬಿಟ್ಟು ಬೇರೆ ಸಾಮಾನ್ಯ ಭಾಜಕ ಇಲ್ಲದವು ಎಷ್ಟು? 111111ನ್ನು 2 × 6 × 10 × 12 × 36ರಿಂದ, ಅಂದರೆ ಐದೂ ಅವಿಭಾಜ್ಯಗಳಿಂದ ಒಂದೊಂದು ಕಳೆದು ಬಂದ ಸಂಖ್ಯೆಗಳ ಗುಣಲಬ್ಧ 51840ರಿಂದ ಗುಣಿಸಿ: 5759994240. ಅರ್ಧಕ್ಕಿಂತ ಕಡಿಮೆ.

ಆರೇ ಯಾಕೆ?

ಒಂಬತ್ತರವರೆಗೆ ಎಷ್ಟು ಒಂದುಗಳನ್ನು ತೆಗೆದುಕೊಂಡರೂ ವರ್ಗ ಹೀಗೆಯೇ ಏರಿ ಇಳಿಯುತ್ತದೆ. ಐದು ಒಂದುಗಳ ವರ್ಗ 123454321 ನೋಡುವುದಕ್ಕೆ ಆರರಷ್ಟೇ ಚೆಂದ. ಒಡೆದು ನೋಡಿದರೆ 11111 = 41 × 271, ಅಷ್ಟೇ. ವರ್ಗಕ್ಕೆ ಒಟ್ಟು 9 ಭಾಜಕಗಳು. ಎರಡು ವರ್ಗಗಳ ಹಾರ ಕಟ್ಟಲು ಒಂದೇ ದಾರಿ: 1681 × 73441. ಏಳು ಒಂದುಗಳೂ ಹಾಗೆಯೇ, 239 × 4649. ಎಂಟಕ್ಕೆ 11 × 73 × 101 × 137, ವರ್ಗಕ್ಕೆ 81 ಭಾಜಕಗಳು. ಒಂಬತ್ತಕ್ಕೆ 3² × 37 × 333667, ವರ್ಗಕ್ಕೆ 45. ಎರಡರಿಂದ ಒಂಬತ್ತರವರೆಗೆ ಎಲ್ಲವನ್ನೂ ಸಾಲಾಗಿ ನಿಲ್ಲಿಸಿದರೆ 243 ಭಾಜಕಗಳ ಆರೇ ಎಲ್ಲಕ್ಕಿಂತ ಸಿರಿವಂತ, ಹತ್ತಿರ ಬರುವವರೂ ಇಲ್ಲ. ಆರು 2ರಿಂದಲೂ 3ರಿಂದಲೂ ಭಾಗವಾಗುವುದರಿಂದ 111111ರೊಳಗೆ 11 ಮತ್ತು 111 ಎರಡೂ ಕೂರುತ್ತವೆ. ಅವೆರಡನ್ನೂ ತೆಗೆದ ಮೇಲೆ ಉಳಿಯುವ 91 ಮತ್ತೆ 7 × 13 ಆಗಿ ಒಡೆಯುತ್ತದೆ. ಐದು, ಏಳು ತಾವೇ ಅವಿಭಾಜ್ಯಗಳು, ಅವುಗಳೊಳಗೆ ಚಿಕ್ಕ ಸರ ಕೂರಲು ಜಾಗವಿಲ್ಲ. ಒಂದೇ ಚೆಂದದ ಸಂಖ್ಯೆಗಳು ಒಡೆದಾಗ ಎಷ್ಟು ಬೇರೆಯಾಗಿರುತ್ತವೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನ್ನ ಬಳಿ ಇಲ್ಲ.

ಆಚಾರ್ಯರ ಬೇರೆ ಹಾರಗಳೂ ಇವೆ: 139 × 109 = 15151, 152207 × 73 = 11111111, 142857143 × 7 = 1000000001, 333333666667 × 33 = 11000011000011. ಎರಡನೆಯದರ ಗುಟ್ಟು ಮೇಲಿನ ಪಟ್ಟಿಯಲ್ಲೇ ಇದೆ, 152207 ಎಂದರೆ 11 × 101 × 137. ಕೊನೆಯದಕ್ಕೆ ಅಂಗಡಿಯ 12 ಅಂಕಿಗಳ ಕ್ಯಾಲ್ಕುಲೇಟರ್ ಕೈಯೆತ್ತುತ್ತದೆ. ಮೊದಲು 30ರಿಂದ, ಆಮೇಲೆ 3ರಿಂದ ಗುಣಿಸಿ ಕಾಗದದ ಮೇಲೆ ಕೂಡಿ.

ನಿಮ್ಮ ಅಭ್ಯಾಸಕ್ಕೆ ಒಂಬತ್ತು ಒಂದುಗಳ ವರ್ಗ, 12345678987654321. ಅಲ್ಲಿ ನಿಮ್ಮನ್ನು ತಡೆಯುವುದು 333667. ಅದು ಅವಿಭಾಜ್ಯವೇ ಎಂದು ತಿಳಿಯಲು ವರ್ಗಮೂಲದವರೆಗೆ, ಅಂದರೆ 577ರವರೆಗಿನ ಎಲ್ಲ ಅವಿಭಾಜ್ಯಗಳಿಂದ ಭಾಗಿಸಿ ನೋಡಬೇಕು ಎಂದು ಪುಸ್ತಕ ಹೇಳುತ್ತದೆ. ಅಷ್ಟು ಬೇಕಿಲ್ಲ. 333667 × 3 = 1001001. 3ನ್ನು ಬಿಟ್ಟು ಇದನ್ನು ಭಾಗಿಸುವ ಯಾವುದೇ ಅವಿಭಾಜ್ಯದಿಂದ 1ನ್ನು ಭಾಗಿಸಿದರೆ ದಶಮಾಂಶ ಸರಿಯಾಗಿ ಒಂಬತ್ತು ಅಂಕಿಗಳಿಗೊಮ್ಮೆ ಮರುಕಳಿಸಬೇಕು. ಹಾಗಾಗಬೇಕಾದರೆ ಆ ಅವಿಭಾಜ್ಯದಿಂದ 1 ಕಳೆದದ್ದು 9ರಿಂದ ಭಾಗವಾಗಬೇಕು, ಬೆಸ ಅವಿಭಾಜ್ಯವಾದ್ದರಿಂದ 18ರಿಂದಲೂ ಭಾಗವಾಗಬೇಕು. 577ರವರೆಗೆ ಅಂಥವು ಹದಿನೇಳು ಮಾತ್ರ: 19, 37, 73, 109, 127, 163, 181, 199, 271, 307, 379, 397, 433, 487, 523, 541, 577. 19ರಿಂದ ಭಾಗಿಸಿದರೆ ಶೇಷ 8, 37ರಿಂದ ಭಾಗಿಸಿದರೆ ಶೇಷ 1. ಇನ್ನು ಹದಿನೈದು ಭಾಗಾಕಾರಗಳು ಬಾಕಿ ಇವೆ.